ಅಂಗಳದ ಬೆಳೆಯೂ ಚಳಿಗಾಲದ ಮಳೆಯೂ

ಮಳೆಗೆ ಅಂಜುವುದು ನಮ್ಮ ಜಿಲ್ಲೆಯವರ ಸ್ವಭಾವವಲ್ಲ. ವರ್ಷವೊಂದಕ್ಕೆ ಸುಮಾರು 4000 ಮಿಲ್ಲಿಮೀಟರು, ಎಂದರೆ ಬಿದ್ದ ನೀರೆಲ್ಲ ಬಿದ್ದಲ್ಲಿಯೇ ನಿಂತರೆ ಎರಡಾಳೆತ್ತರಕ್ಕೂ ಮಿಕ್ಕುವಷ್ಟು ಮಳೆ ಸುರಿಯುವ ಸೀಮೆಯಲ್ಲಿ ಹುಟ್ಟಿದವರು ಮೋಡವನ್ನು ಕಂಡು ಕಂಗೆಡುವುದೆಂತು? ಅದರಲ್ಲಿ ಹತ್ತಕ್ಕೆ ಎಂಟು ಪಾಲಿಗಿಂತಲೂ ಹೆಚ್ಚು ಜೂನಿನಿಂದ ಸಪ್ಟೆಂಬರದ ವರೆಗಿನ ನಾಲ್ಕು ತಿಂಗಳುಗಳಲ್ಲಿಯೇ ಬಿದ್ದುಹೋಗುವುದು. ಆ ನಾಲ್ಕು ತಿಂಗಳಿಗೆ ನಮ್ಮ ಮನೆಗಳು ಸಿದ್ಧವಾಗಿಯೇ ಇರುತ್ತವೆ. ಬೇಸಗೆ ಕಳೆಯುವುದರೊಳಗೆ ಸೌದೆಯು ಕೊಟ್ಟಿಗೆಯನ್ನು ಸೇರುವುದು. ಒಡೆದ ಹಂಚುಗಳನ್ನು ಬದಲಿಸುವುದಾಗುವುದು. ಹಪ್ಪಳ ಸಂಡಿಗೆಗಳು ಡಬ್ಬಿಯೊಳಗೆ ಹೋಗುವುವು. ಒಣಗಿದ ಅಡಿಕೆಯು ಗೋಣಿಯೊಳಗೆ ಭದ್ರವಾಗಿ ಅಟ್ಟವನ್ನೇರಿರುವುದು. ಆಮೇಲೆ ಆಕಾಶವೇ ಕಳಚಿ ಬಿದ್ದರೂ ಗೃಹಸ್ಥನು ಚಾವಡಿಯಲ್ಲಿ ಕುಳಿತು ನೋಡಬಹುದು.

ಚಳಿಗಾಲದ ಮಳೆಯ ಮಾತೇ ಬೇರೆ. ಜಾರ್ದೆ ಪೆರಾರ್ದೆ ತಿಂಗಳುಗಳಲ್ಲಿ, ಎಂದರೆ ನವೆಂಬರದ ನಡುವಿನಿಂದ ಜನವರಿಯ ನಡುವಿನ ವರೆಗೆ, ನಮ್ಮ ಸಂಸಾರದ ಸರ್ವಸ್ವವೂ ಬಯಲಿನಲ್ಲಿರುವುದು. ಅಂಗಳವನ್ನು ಕೆತ್ತಿ ಮಟ್ಟಸಮಾಡಿ ಸೆಗಣಿ ಸಾರಿಸಿ ಅಡಿಕೆಯನ್ನು ಹರವಿರುತ್ತೇವೆ. ಕೊಯ್ದ ಕರಿಮೆಣಸು ಅದರ ಮಗ್ಗುಲಲ್ಲಿಯೇ ಚಾಪೆಯ ಮೇಲಿರುವುದು. ಹಿತ್ತಿಲಲ್ಲಿ ಬೈಹುಲ್ಲು, ಗದ್ದೆಯಲ್ಲಿ ಸುಗ್ಗಿಯ ಪೈರು, ಗುಡ್ಡದಲ್ಲಿ ಗೇರುಮರದ ಹೂ. ಇಂಥ ವೇಳೆಯಲ್ಲಿ ಬೀಳುವ ಒಂದು ಗಂಟೆಯ ಮಳೆಯು ಆಟಿ ತಿಂಗಳ ಎಂಟು ದಿವಸದ ಜಡಿಮಳೆಗಿಂತ ಹೆಚ್ಚಿನ ನಷ್ಟವನ್ನು ಮಾಡಬಲ್ಲುದು. 1923ರಲ್ಲಿಯೂ 1974ರಲ್ಲಿಯೂ ನೇತ್ರಾವತಿಯು ಉಕ್ಕಿ ಬಂಟ್ವಾಳದ ಪೇಟೆಯನ್ನು ಮುಳುಗಿಸಿದ ಸಂಗತಿಯನ್ನು ಹಿರಿಯರು ಇಸವಿ ಸಮೇತ ಹೇಳುವರು. ಚಳಿಗಾಲದ ಮಳೆಗೆ ಅಂಥ ಕೀರ್ತಿಯಿಲ್ಲ. ಅದರ ನಷ್ಟವು ಮನೆಮನೆಯ ಲೆಕ್ಕದ ಪುಸ್ತಕದಲ್ಲಿ ಚೂರುಚೂರಾಗಿ ಅಡಗಿರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ಮಾಸಪತ್ರಿಕೆಯೊಂದು ಮುಂದಿನ ವಾರದ ಹವೆಯನ್ನು ಹೇಳಲು ಹೊರಡುವುದು ಹಾಸ್ಯಕ್ಕೆ ಗುರಿಯಾದೀತು. ಅದಕ್ಕೆ 1875ರಲ್ಲಿ ಸ್ಥಾಪನೆಯಾದ ಭಾರತೀಯ ಹವಾಮಾನ ಇಲಾಖೆಯಿದೆ. ಆ ಇಲಾಖೆಯ ಮಾತನ್ನು ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಗೃಹಸ್ಥರು ತಮ್ಮ ಅಂಗಳಕ್ಕೆ ಹೇಗೆ ಅನ್ವಯಿಸಿಕೊಳ್ಳಬೇಕೆಂಬುದಷ್ಟೇ ಇಲ್ಲಿ ನಾವು ಹೇಳಬೇಕೆಂದಿರುವುದು.

ಮೊದಲು ಈ ಮಳೆಯು ಎಲ್ಲಿಂದ ಬರುವುದೆಂಬುದನ್ನು ತಿಳಿಯಬೇಕು. ಮಳೆಗಾಲದಲ್ಲಿ ಗಾಳಿಯು ಪಡುಗಡಲಿನಿಂದ ನೀರನ್ನು ಹೊತ್ತು ತಂದು ಘಟ್ಟಕ್ಕೆ ಬಡಿದು ಸುರಿಸುವುದು. ಚಳಿಗಾಲದಲ್ಲಿ ಗಾಳಿಯು ಮೂಡಲಿನಿಂದ ಘಟ್ಟವನ್ನಿಳಿದು ಬರುವುದು. ಇಳಿಯುವ ಗಾಳಿಯು ಕಾದು ಒಣಗುವುದರಿಂದ ನಮ್ಮಲ್ಲಿ ಸಾಮಾನ್ಯವಾಗಿ ಮುಂಜಾನೆ ಇಬ್ಬನಿ, ಮಧ್ಯಾಹ್ನ ಸುಡುಬಿಸಿಲು, ರಾತ್ರಿ ಹಿತವಾದ ಚಳಿ. ಆದರೆ ಇದೇ ಕಾಲದಲ್ಲಿ ಬಂಗಾಳ ಉಪಸಾಗರದಲ್ಲಿ ವಾಯುಭಾರವು ಕುಸಿದು ಸುಳಿಗಾಳಿಗಳೇಳುವುದುಂಟು. ಅವು ತಮಿಳುನಾಡಿನ ಕರೆಯನ್ನು ಹತ್ತಿ, ಬಲಗುಂದಿ, ನೆಲವನ್ನು ದಾಟಿ ನಮ್ಮ ಕಡೆಯ ಸಮುದ್ರವನ್ನು ಸೇರುವಾಗ ಗಾಳಿಯ ದಿಕ್ಕು ತಪ್ಪುವುದು. ಅರಬೀ ಸಮುದ್ರದ ತೇವವು ಒಳನಾಡಿಗೆ ಸೆಳೆಯಲ್ಪಟ್ಟು ಮೂಡಣ ಗಾಳಿಯೊಡನೆ ಸೆಣಸುವುದು. ಆ ಸೆಣಸಾಟದ ಫಲವೇ ನಮ್ಮ ಗುಡುಗು ಮಿಂಚಿನ ಮಳೆ.

2024ನೆಯ ಇಸವಿಯ ‘ಫೆಂಗಲ್’ ಚಂಡಮಾರುತವನ್ನು ವಾಚಕರು ಮರೆತಿರಲಾರರು. ನವೆಂಬರ 30ರ ರಾತ್ರಿ ಅದು ಪುದುಚ್ಚೇರಿಯ ಬಳಿ ದಡವನ್ನೇರಿತು. ಮುಂದೆ ಸಾಗದೆ ಅಲ್ಲಿಯೇ ಬಹು ಹೊತ್ತು ನಿಂತುಬಿಟ್ಟಿತು. ಆ ಊರಿನಲ್ಲಿ ಒಂದೇ ದಿನದಲ್ಲಿ 450 ಮಿಲ್ಲಿಮೀಟರಿಗೂ ಮಿಕ್ಕಿ ಮಳೆಯಾಯಿತು. ಅಲ್ಲಿಗೂ ನಮಗೂ ಐನೂರು ಕಿಲೋಮೀಟರಿಗಿಂತ ಹೆಚ್ಚು ಅಂತರ; ನಡುವೆ ಇಡೀ ಘಟ್ಟದ ಸಾಲು. ‘ಪೂರ್ವ ಕರಾವಳಿಯ ಗಾಳಿ ನಮಗೇನು ಮಾಡೀತು?’ ಎಂದವರೇ ಹೆಚ್ಚು. ಆದರೆ ಬಲಗುಂದಿದ ಅದೇ ಸುಳಿಯು ಡಿಸೆಂಬರ 2ರಂದು ನಮ್ಮತ್ತ ಬಂತು. ಜಿಲ್ಲೆಯಲ್ಲಿ ಮಳೆಗಾಲವನ್ನು ನೆನಪಿಸುವಂಥ ಮಳೆ ಹೊಯ್ಯಿತು. 3ರಂದು ಶಾಲೆಗಳಿಗೆ ರಜೆಯಾಯಿತು. ನಾವು ಗಮನಿಸಬೇಕಾದುದು ಇಷ್ಟು: ಪುದುಚ್ಚೇರಿಯಲ್ಲಿ ದಡವನ್ನೇರಿದ್ದು ಶನಿವಾರ ರಾತ್ರಿ, ನಮಗೆ ಮಳೆ ಬಂದದ್ದು ಸೋಮವಾರ. ನಡುವೆ ಒಂದು ಇಡೀ ಭಾನುವಾರ ನಮ್ಮ ಕೈಯಲ್ಲಿತ್ತು. ಬೆಳಗ್ಗೆ ಒಂದಿಷ್ಟು ಬಿಸಿಲು ಕಂಡಿತೆಂದು ಆ ಭಾನುವಾರವನ್ನು ಮದುವೆ ಮುಂಜಿಗಳಲ್ಲಿ ಕಳೆದವರ ಅಡಿಕೆ ನೆನೆಯಿತು. ಸಂಜೆಯೊಳಗೆ ರಾಶಿಮಾಡಿದವರದು ಉಳಿಯಿತು.

ಎಲ್ಲ ಸುಳಿಗಳೂ ಹೀಗೆಯೇ ಬರುವುವೆಂದಿಲ್ಲ. 2017ರ ಡಿಸೆಂಬರದ ಆರಂಭದಲ್ಲಿ ‘ಓಖಿ’ಯು ಕನ್ಯಾಕುಮಾರಿಯನ್ನು ಬಳಸಿ ಲಕ್ಷದ್ವೀಪದ ಮೇಲಿನಿಂದ ಸಮುದ್ರದಲ್ಲಿಯೇ ಹಾದುಹೋಯಿತು, ಅದರ ಅಬ್ಬರವೆಲ್ಲ ಕರೆಯ ಅಲೆಗಳಲ್ಲಿ ಕಂಡಿತು. 2021ರಲ್ಲಿ ಚಂಡಮಾರುತದ ಹೆಸರೇ ಇಲ್ಲದೆ ಹಿಂಗಾರು ಜನವರಿ 19ರ ವರೆಗೂ ಹಿಂದೆಗೆಯದೆ ಕುಳಿತಿತು. ಆ ತಿಂಗಳ ಮೊದಲ ದಿನಗಳಲ್ಲಿ ನಮ್ಮ ಅಡಿಕೆಯೊಡನೆ ಘಟ್ಟದ ಮೇಲಿನವರ ಕಾಫಿಯೂ ಕಣದಲ್ಲಿ ನೆನೆಯಿತು.

ಇನ್ನು ಮೂರು ತಾಲೂಕುಗಳ ಭೇದ. ಇಲಾಖೆಯು ಮುನ್ಸೂಚನೆ ಕೊಡುವುದು ಜಿಲ್ಲೆಯನ್ನು ಹಿಡಿದು. ಮಳೆಯು ಬೀಳುವುದು ಊರನ್ನು ಹಿಡಿದು. ಬೆಳ್ತಂಗಡಿಯು ಘಟ್ಟದ ಮಡಿಲಲ್ಲಿರುವುದರಿಂದ ಚಳಿಗಾಲದ ಮೋಡವು ಮೊದಲು ಕವಿಯುವುದು ಸಾಮಾನ್ಯವಾಗಿ ಅಲ್ಲಿಯೇ. ಚಾರ್ಮಾಡಿಯ ನೆತ್ತಿಯಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಕಪ್ಪುಗಟ್ಟಿದರೆ ಮುಂಡಾಜೆ, ಉಜಿರೆಗಳ ಕಡೆ ಮೂರು ನಾಲ್ಕು ಗಂಟೆಗೆ ಗುಡುಗು ಕೇಳುವುದುಂಟು. ಬಂಟ್ವಾಳಕ್ಕೆ ಅದು ಇಳಿಯುವಾಗ ದೀಪ ಹಚ್ಚುವ ಸಮಯವಾಗಿರುವುದು, ಇಲ್ಲವೆ ದಾರಿಯಲ್ಲಿಯೇ ಕರಗಿಹೋಗಿರುವುದು. ಆದರೆ ಬಂಟ್ವಾಳದವರು ತಮ್ಮ ತಲೆಯ ಮೇಲಿನ ಆಕಾಶವನ್ನು ಮಾತ್ರ ನೋಡಿದರೆ ಸಾಲದು. ಮೃತ್ಯುಂಜಯವೇ ಮೊದಲಾದ ಬೆಳ್ತಂಗಡಿಯ ಹೊಳೆಗಳು ಕೂಡಿಕೊಂಡ ನೇತ್ರಾವತಿಯು ಹರಿಯುವುದು ಅವರ ಬಾಗಿಲಿನಲ್ಲಿ. ಅಲ್ಲಿ ಸುರಿದ ಮಳೆಯು ಇಲ್ಲಿ ಬಿಸಿಲಿರುವಾಗಲೇ ಕೆಂಪುನೀರಾಗಿ ಬರಬಹುದು.

ಮೊದಲು ಕಾರ್ಕಳಕ್ಕೂ ಆಮೇಲೆ ಮಂಗಳೂರಿಗೂ ಸೇರಿದ್ದು ಈಗ ಪ್ರತ್ಯೇಕ ತಾಲೂಕಾಗಿರುವ ಮೂಡಬಿದಿರೆಯದು ಮುರಕಲ್ಲಿನ ನೆಲ. ಒಂದು ಕಡೆ ಶಾಂಭವಿ, ಇನ್ನೊಂದು ಕಡೆ ಫಲ್ಗುಣಿ. ನಡುವಿನ ದಿಣ್ಣೆಯ ಮೇಲೆ ಬಿದ್ದ ನೀರು ನಿಲ್ಲದೆ ಹರಿದುಹೋಗುವುದು. ಅಲ್ಲಿ ನೆರೆಗಿಂತ ಗಾಳಿಯ ಭಯವೇ ಹೆಚ್ಚು. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ಇಳಿಜಾರು ಮಾಡುಗಳನ್ನು ನೋಡಿದವರಿಗೆ ಆ ಕಾಲದ ಶಿಲ್ಪಿಗಳು ಮಳೆಯನ್ನು ಎಷ್ಟು ಚೆನ್ನಾಗಿ ಬಲ್ಲವರಾಗಿದ್ದರೆಂಬುದು ತಿಳಿಯುವುದು. ಆದರೆ ಅವರೂ ಅಂಗಳಕ್ಕೆ ಮಾಡು ಹಾಕಲಿಲ್ಲ.

ಮುನ್ಸೂಚನೆಯನ್ನು ಓದುವ ಬಗೆಗೆ ಬರೋಣ. ಈಗ ಎಲ್ಲರ ಬಾಯಲ್ಲಿಯೂ ಬಣ್ಣದ ಮಾತೇ. ಹಸುರು ಎಂದರೆ ಎಚ್ಚರಿಕೆಯಿಲ್ಲ, ಹಳದಿ ಎಂದರೆ ಗಮನವಿರಲಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿರಿ. ಇದನ್ನು ಮಕ್ಕಳೂ ಬಲ್ಲರು. ಕಿತ್ತಳೆಯೋ ಕೆಂಪೋ ಕಂಡರೆ ರಜೆಯಾದೀತೆಂದು ಹಿಗ್ಗುವರು. ಆದರೆ ಈ ಬಣ್ಣಗಳ ಹಿಂದಿನ ಲೆಕ್ಕವನ್ನು ನೋಡಬೇಕು. ಇಲಾಖೆಯ ಭಾಷೆಯಲ್ಲಿ ‘ಭಾರಿ ಮಳೆ’ ಎಂಬುದು ಇಪ್ಪತ್ತನಾಲ್ಕು ಗಂಟೆಗಳಲ್ಲಿ 64.5 ಮಿಲ್ಲಿಮೀಟರಿನಿಂದ ಆರಂಭವಾಗುವುದು, ಎಂದರೆ ಎರಡೂವರೆ ಅಂಗುಲ. 115.6 ಮಿಲ್ಲಿಮೀಟರಿನಿಂದ ಅದು ‘ಅತಿ ಭಾರಿ’, 204.4ನ್ನು ಮೀರಿದರೆ ‘ಅತ್ಯಂತ ಭಾರಿ’. ರಸ್ತೆಗೆ, ಸೇತುವೆಗೆ, ನದಿಗೆ ಇದು ಸರಿಯಾದ ಅಳತೆ. ಅಂಗಳಕ್ಕೆ ಅಲ್ಲ.

ಮೂವತ್ತು ಅಡಿ ಅಗಲ, ನಾಲ್ವತ್ತು ಅಡಿ ಉದ್ದದ ಅಂಗಳವನ್ನು ತೆಗೆದುಕೊಳ್ಳಿರಿ. ಅದರ ಮೇಲೆ ಬರೇ 10 ಮಿಲ್ಲಿಮೀಟರು ಮಳೆ ಬಿದ್ದರೆ 1100 ಲೀಟರು ನೀರಾಯಿತು. ಐವತ್ತಕ್ಕೂ ಮಿಕ್ಕಿದ ಕೊಡಗಳನ್ನು ಯಾರೋ ನಮ್ಮ ಅಡಿಕೆಯ ಮೇಲೆ ಸುರಿದಂತೆ. ಇಂಥ ಮಳೆಗೆ ಇಲಾಖೆಯು ಬಣ್ಣ ಬಳಿಯುವುದೇ ಇಲ್ಲ. ಭೂಪಟದಲ್ಲಿ ನಮ್ಮ ಜಿಲ್ಲೆ ಹಸುರಾಗಿಯೇ ಇರುವುದು. ಆದಕಾರಣ ಚಳಿಗಾಲದಲ್ಲಿ ಗೃಹಸ್ಥನು ಬಣ್ಣವನ್ನಲ್ಲ, ಮಾತನ್ನು ಓದಬೇಕು. ಮಾತಿನಲ್ಲಿಯೂ ಅರ್ಥವಿದೆ. ‘ಅಲ್ಲಲ್ಲಿ’ ಎಂದರೆ ಮಳೆಮಾಪಕಗಳಲ್ಲಿ ಕಾಲು ಪಾಲಿಗೆ ಮೀರದಷ್ಟು ಕಡೆ. ‘ಕೆಲವೆಡೆ’ ಎಂದರೆ ಅರ್ಧದ ವರೆಗೆ. ‘ಹಲವೆಡೆ’ ಎಂದರೆ ಮುಕ್ಕಾಲಿನ ವರೆಗೆ. ಅದಕ್ಕೂ ಮೀರಿದರೆ ‘ಬಹುತೇಕ ಎಲ್ಲೆಡೆ’. ‘ಅಲ್ಲಲ್ಲಿ ಹಗುರ ಮಳೆ’ ಎಂಬ ವಾಕ್ಯವನ್ನು ಓದಿ ‘ನಮ್ಮಲ್ಲಿ ಬರಲಿಲ್ಲ, ಇಲಾಖೆಯವರು ಸುಳ್ಳು ಹೇಳಿದರು’ ಎನ್ನುವುದು ನ್ಯಾಯವಲ್ಲ. ನಾಲ್ಕು ಅಂಗಳಗಳಲ್ಲಿ ಒಂದು ನೆನೆಯಬಹುದೆಂದು ಅವರು ಹೇಳಿದರು. ನೆನೆದದ್ದು ನೆರೆಮನೆಯವರದು, ಅಷ್ಟೆ.

ಇನ್ನೊಂದು ಸಣ್ಣ ವಿಷಯ. ಮಳೆಯ ಲೆಕ್ಕವನ್ನು ಬೆಳಗ್ಗೆ 8.30ರಿಂದ ಮಾರನೆಯ ಬೆಳಗ್ಗೆ 8.30ರ ವರೆಗೆ ಹಿಡಿಯುವುದು ವಾಡಿಕೆ. ‘ಇಂದು ದಾಖಲಾದ ಮಳೆ’ ಎಂದು ಪ್ರಕಟವಾದುದು ಬಹುಮಟ್ಟಿಗೆ ನಿನ್ನೆ ಸಂಜೆ ಬಿದ್ದದ್ದು. ಊರಿನ ಮಟ್ಟದ ವಿವರ ಬೇಕಾದವರಿಗೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮಪಂಚಾಯತುಗಳಲ್ಲಿ ಇರಿಸಿದ ಮಳೆಮಾಪಕಗಳಿವೆ.

ಇಂಥ ವಾರವೊಂದರ ನಡೆ ಹೇಗಿರುತ್ತದೆಂಬುದನ್ನು ಹೇಳುವುದಾದರೆ, ಮೊದಲ ಸೂಚನೆ ಮಳೆಯದಲ್ಲ, ಸೆಕೆಯದು. ಬೆಳಗಿನ ಇಬ್ಬನಿ ತಟ್ಟನೆ ನಿಲ್ಲುವುದು. ರಾತ್ರಿ ಹೊದಿಕೆಯನ್ನು ಕಾಲಿನಿಂದ ಒದೆಯುವಂತಾಗುವುದು. ಮೂಡಲಿನಿಂದ ತೆಳುಮೋಡ ಹಬ್ಬಿ ಬಿಸಿಲು ಮಂಕಾಗುವುದು. ಹೀಗೆ ಒಂದೆರಡು ದಿನ. ಮೂರನೆಯ ನಾಲ್ಕನೆಯ ದಿನಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು, ಗಾಳಿ, ಮಳೆ. ಸುಳಿಯು ನಮ್ಮ ನೇರಕ್ಕೆ ಬಂದರೆ ರಾತ್ರಿಯೆಲ್ಲ ಹನಿಯುವುದೂ ಉಂಟು. ಆಮೇಲೆ ಒಂದು ದಿನ ಮೋಡ ಚದರಿ, ಮಾರನೆಯ ಬೆಳಗ್ಗೆ ಕೈಗೆ ಕೈ ಕಾಣದಂಥ ಮಂಜು, ಮತ್ತೆ ಚಳಿ. ಇರುವೆಗಳು ಮೊಟ್ಟೆ ಹೊತ್ತು ಸಾಗುವುದನ್ನು ಕಂಡು ಮಳೆಯನ್ನು ಹೇಳುವ ಹಿರಿಯರಿದ್ದಾರೆ. ಅವರನ್ನು ಹಳಿಯುವವರು ನಾವಲ್ಲ. ಆದರೆ ಇರುವೆಗೆ ಪುದುಚ್ಚೇರಿಯ ವರ್ತಮಾನ ತಿಳಿಯದು.

ಅಡಿಕೆಯ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ನಮ್ಮದು ಚಾಲಿ ಅಡಿಕೆ. ಘಟ್ಟದ ಮೇಲಿನವರು ಹಸಿಯಡಿಕೆಯನ್ನು ಸುಲಿದು ಬೇಯಿಸಿ ಕೆಂಪಡಿಕೆ ಮಾಡುವಂತೆ ನಾವು ಮಾಡುವುದಿಲ್ಲ. ಹಣ್ಣಡಿಕೆಯನ್ನು ಸಿಪ್ಪೆಸಮೇತ ನಾಲ್ವತ್ತು ದಿನಗಳಷ್ಟು ಬಿಸಿಲಿನಲ್ಲಿ ಒಣಗಿಸುತ್ತೇವೆ. ಈ ನಾಲ್ವತ್ತು ದಿನಗಳಲ್ಲಿ ಬಿಸಿಲೇ ನಮ್ಮ ಬಂಡವಾಳ. ಆಗತಾನೆ ಕೊಯ್ದು ಹರವಿದ ಹಣ್ಣಡಿಕೆಗೆ ಒಂದು ಮಳೆಯಿಂದ ಅಷ್ಟು ಬಾಧೆಯಿಲ್ಲ. ಅದರ ಸಿಪ್ಪೆ ಇನ್ನೂ ಬಿಗಿಯಾಗಿರುವುದು. ಪೂರ್ತಿ ಒಣಗಿದ್ದನ್ನು ಚೀಲಕ್ಕೆ ತುಂಬಿಬಿಡಬಹುದು. ಅರ್ಧ ಒಣಗಿದ್ದೇ ಅಪಾಯದ ರಾಶಿ. ಅದರ ನಾರು ಹಿಂಜಿದ ಹತ್ತಿಯಂತೆ ನೀರನ್ನು ಹೀರಿ ಒಳಗೆ ಇರಿಸಿಕೊಳ್ಳುವುದು. ಹೊರಗೆ ಒಣಗಿದಂತೆ ಕಂಡರೂ ಒಳಗೆ ಬೂಷ್ಟು ಹಿಡಿಯುವುದು. ತಿಂಗಳ ಮೇಲೆ ಸುಲಿದಾಗ ಗೋಟು ಕಪ್ಪಾಗಿರುವುದು. ಪಟೋರ, ಕರಿಗೋಟು ಎಂದು ವ್ಯಾಪಾರಿಯು ಬೇರೆ ತೆಗೆದಿರಿಸಿ ಕಡಮೆ ಕ್ರಯ ಹೇಳಿದಾಗ ಮಾತಾಡುವಂತಿಲ್ಲ. ವರ್ಷದ ಶಾಲೆಯ ಫೀಸು, ಸಾಲದ ಕಂತು, ಮಗಳ ಮದುವೆ, ಇವೆಲ್ಲವೂ ಆ ಅಂಗಳದಲ್ಲಿ ಬಿದ್ದಿರುವುದನ್ನು ನೆನೆದರೆ, ಮೋಡ ಕಂಡು ಮನೆಯಾಕೆಗೆ ನಿದ್ರೆ ಬಾರದಿರುವುದು ಆಶ್ಚರ್ಯವಲ್ಲ.

ಆದುದರಿಂದ ಆಳುಗಳು ಇಬ್ಬರೇ ಸಿಕ್ಕುವ ದಿನ ಮೊದಲು ಎತ್ತಬೇಕಾದುದು ಅರ್ಧ ಒಣಗಿದ ರಾಶಿಯನ್ನು. ಅಂಗಳದ ನಡುವೆ ಎತ್ತರವಾಗಿ ಒಟ್ಟಿ, ಟರ್ಪಾಲು ಹೊದಿಸಿ, ಅಂಚಿಗೆ ಕಲ್ಲಿಟ್ಟು, ಸುತ್ತ ನೀರು ಹರಿಯಲು ಸಣ್ಣ ಕಣಿ ತೆಗೆಯಬೇಕು. ಕಣಿ ಇಲ್ಲದಿದ್ದರೆ ನೀರು ಮೇಲಿನಿಂದ ಬಾರದೆ ಕೆಳಗಿನಿಂದ ಬರುವುದು. ಟರ್ಪಾಲು ಹೊದಿಸಿಬಿಟ್ಟೆವೆಂದು ಮೂರು ದಿನ ಮರೆತು ಕುಳಿತರೂ ಕೆಟ್ಟಿತು. ಒಳಗಿನ ತೇವವು ಬೆವರಿ, ರಾಶಿ ಬಿಸಿಯೇರಿ, ಮಳೆಯು ಮಾಡದ ಹಾನಿಯನ್ನು ಹೊದಿಕೆಯೇ ಮಾಡುವುದು. ಮಳೆ ಬಿಟ್ಟ ಒಂದು ಗಂಟೆಯ ಎಡೆಯಲ್ಲಾದರೂ ಅಂಚನ್ನೆತ್ತಿ ಗಾಳಿಯಾಡಿಸಬೇಕು. ಕೊಳವೆಗಳನ್ನು ಬಗ್ಗಿಸಿ ಪಾರದರ್ಶಕ ಹೊದಿಕೆ ಹಾಕಿದ ಒಣಗಿಸುವ ಗೂಡುಗಳು ಈಗ ಅನೇಕ ಮನೆಗಳಲ್ಲಿವೆ. ಎರಡು ಕೊನೆಗಳಲ್ಲಿಯೂ ಗಾಳಿಗೆ ದಾರಿಯಿದ್ದರೆ ಅವು ಉತ್ತಮ. ಇಡೀ ಬೆಳೆಗೆ ಸಾಲದಿದ್ದರೂ ಅಪಾಯದ ರಾಶಿಯಷ್ಟಕ್ಕೆ ಸಾಕು. ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ 1956ರಿಂದ ಅಡಿಕೆಯ ಸಂಶೋಧನಾ ಕೇಂದ್ರವಿರುವುದು. ಗೂಡು ಕಟ್ಟುವ ವಿಚಾರ ಮಾಡುವವರು ಅಲ್ಲಿಗೊಮ್ಮೆ ಹೋಗಿ ಬರುವುದು ಲೇಸು. ಒಂದು ದಿನ ಸುಮ್ಮನೆ ರಾಶಿಮಾಡಿ, ಮಳೆ ಬಾರದೆ ಹೋದರೆ ನಷ್ಟವಾದುದು ಒಂದು ದಿನದ ಬಿಸಿಲು, ಇಬ್ಬರ ಕೂಲಿ. ಮಾಡದೆ ಮಳೆ ಬಂದರೆ ಹೋಗುವುದೇನೆಂಬುದನ್ನು ಮೇಲೆಯೇ ಹೇಳಿದೆವು. ‘ಅಲ್ಲಲ್ಲಿ’ ಎಂಬ ಮಾತಿಗೇ ಎದ್ದು ನಿಲ್ಲುವುದು ಹೇಡಿತನವಲ್ಲ, ಲೆಕ್ಕ.

ಅಡಿಕೆಯು ಹೋದರೆ ಮುಂದಿನ ವರ್ಷ ಬಂದೀತು. ಸಿಡಿಲಿಗೆ ಆಹುತಿಯಾದವರು ಬರುವುದಿಲ್ಲ. ಭಾರತದಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನರು ಸಿಡಿಲಿನಿಂದ ಸಾಯುವರು. ಹೊಲದಲ್ಲಿ, ಬಯಲಿನಲ್ಲಿ ಕೆಲಸದಲ್ಲಿದ್ದವರೇ ಅವರಲ್ಲಿ ಬಹಳ. ನಮ್ಮಲ್ಲಿ ಅಪಾಯದ ಗಳಿಗೆ ಯಾವುದೆಂದರೆ, ಗುಡುಗು ಕೇಳಿದೊಡನೆ ಮನೆಮಂದಿಯೆಲ್ಲ ಅಡಿಕೆ ಬಾಚಲು ಅಂಗಳಕ್ಕೆ ಓಡುವ ಗಳಿಗೆ! ಮಿಂಚಿಗೂ ಗುಡುಗಿಗೂ ನಡುವೆ ಮೂವತ್ತು ಎಣಿಸುವುದರೊಳಗೆ ಸದ್ದು ಕೇಳಿತೆಂದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ. ಮುಂದಿನದು ನಮ್ಮಂಗಳಕ್ಕೂ ಬೀಳಬಹುದು. ಆಗ ಅಡಿಕೆಯನ್ನು ಇದ್ದಲ್ಲಿಯೇ ಬಿಟ್ಟು ಒಳಗೆ ಸೇರಬೇಕು; ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವ ವರೆಗೆ ಹೊರಡಬಾರದು. ತೋಟದಲ್ಲಿ ಉದ್ದನೆಯ ದೋಟಿ ಹಿಡಿದು ಕೊಯ್ಯುವವರು ಮೋಡ ಕಪ್ಪಾದೊಡನೆ ಅದನ್ನು ನೆಲಕ್ಕಿಳಿಸಬೇಕು. ಅಲ್ಯುಮಿನಿಯಮಿನ ದೋಟಿಯಷ್ಟೇ ಅಲ್ಲ, ಈಚೆಗೆ ಬಂದಿರುವ ಕಾರ್ಬನ್ ಫೈಬರಿನ ದೋಟಿಯೂ ವಿದ್ಯುತ್ತನ್ನು ಹಾಯಿಸುವುದು; ಹಗುರವಾದುದರಿಂದ ಅಪಾಯವೂ ಹಗುರವೆಂದು ತಿಳಿಯಬಾರದು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ನಿರ್ಮಿಸಿದ ‘ದಾಮಿನಿ’ ಎಂಬ ಆ್ಯಪು ಹತ್ತಿರದ ಸಿಡಿಲಿನ ಸುಳಿವನ್ನು ಫೋನಿಗೆ ಮುಟ್ಟಿಸುತ್ತದೆ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಈ ಕೆಲಸವನ್ನು ಅವರಿಗೆ ವಹಿಸಬಹುದು. ಫೋನಿಗೂ ಒಂದು ಸದ್ವಿನಿಯೋಗವಾದೀತು.

ಉಳಿದುವನ್ನು ಚುಟುಕಾಗಿ ಹೇಳುವೆವು. ತೋಡಿಗೆ ಕಟ್ಟ ಕಟ್ಟುವವರು, ಕಿಂಡಿ ಅಣೆಕಟ್ಟಿಗೆ ಹಲಗೆ ಇಳಿಸುವವರು ಇಂಥ ವಾರದ ಸುದ್ದಿ ಇದ್ದರೆ ನಾಲ್ಕು ದಿನ ತಡೆಯುವುದು ಒಳಿತು. ಆಗಲೇ ಇಳಿಸಿದ್ದರೆ ನಡುವಿನ ಒಂದೆರಡು ಕಿಂಡಿಗಳನ್ನು ಬಿಡಿಸಿಡಬೇಕು. ಇಲ್ಲವಾದರೆ ಹೊಸ ಮಣ್ಣಿನೊಡನೆ ಪಕ್ಕದ ತೋಟದ ದಂಡೆಯೂ ಹೋಗುವುದು. ಸುಗ್ಗಿ ಗದ್ದೆಯ ನೀರನ್ನು ಕಡಿದು ಬಿಡಬೇಕು. ಗೇರುಹೂವಿಗೆ ಮೋಡದ ವಾತಾವರಣದಲ್ಲಿ ಚಹಾಸೊಳ್ಳೆಯ ಕಾಟ ಹೆಚ್ಚುವುದರಿಂದ ಮಳೆ ಬಿಟ್ಟ ಮೇಲೆ ಚಿಗುರನ್ನೂ ಹೂಗೊಂಚಲನ್ನೂ ತಿರುಗಿಸಿ ನೋಡಬೇಕು. ರಬ್ಬರಿನವರಿಗೆ ಬೆಳಗಿನ ಟ್ಯಾಪಿಂಗು ತಪ್ಪುವುದು, ಅಷ್ಟೆ. ಈ ಮಳೆಯಿಂದ ಯಾರಿಗೂ ಲಾಭವಿಲ್ಲವೆಂದೂ ಹೇಳಲಾರೆವು. ತೋಟಕ್ಕೆ ವಾರವೊಂದರ ನೀರು ಹಾಯಿಸುವ ಶ್ರಮ ತಪ್ಪಿತು, ಮಂಗಳೂರಿನವರು ಕುಡಿಯುವ ತುಂಬೆಯ ಅಣೆಕಟ್ಟಿಗೆ ನಾಲ್ಕು ದಿನದ ಒರತೆ ಸೇರಿತು. ಮೇಳಗಳ ಬಯಲಾಟ, ಮೂಡಬಿದಿರೆ ಕಡಲಕೆರೆಯ ಕಂಬಳ, ಊರೂರಿನ ನೇಮ, ಇವೆಲ್ಲವೂ ಇದೇ ಕಾಲದವಾದುದರಿಂದ ಮಕ್ಕಳು ಮುದುಕರನ್ನು ಕರೆದೊಯ್ಯುವವರು ಕೊಡೆಯೊಂದಿದ್ದರಾಯಿತೆಂದು ತಿಳಿಯದೆ, ಗಾಳಿ ಬಂದರೆ ಚಪ್ಪರದ ಅಡಿಯಿಂದ ಹೊರಬರುವ ದಾರಿಯನ್ನು ಮೊದಲೇ ನೋಡಿಕೊಂಡಿರಬೇಕು.

ಮಳೆ ಕಳೆದ ಮೇಲಿನ ಮೂರು ದಿನಗಳನ್ನು ಜನರು ಉಪೇಕ್ಷಿಸುವರು. ತೋಟದಲ್ಲಿ ಬಿದ್ದ ಅಡಿಕೆಯ ಹಾಳೆ, ರಬ್ಬರಿನ ಚಿಪ್ಪು, ಟರ್ಪಾಲಿನ ಮಡಿಕೆ, ಇವುಗಳಲ್ಲಿ ನಿಂತ ನೀರನ್ನು ಚೆಲ್ಲದಿದ್ದರೆ ವಾರದೊಳಗೆ ಡೆಂಗ್ಯೂ ಹರಡುವ ಸೊಳ್ಳೆಗಳೇಳುವುವು. ಅಂಗಳದ ವಿಷಯದಲ್ಲಿ ಅವಸರ ಸಲ್ಲದು. ಮೊದಲ ಬಿಸಿಲು ಕಂಡೊಡನೆ ಹಸಿನೆಲದ ಮೇಲೆ ಅಡಿಕೆ ಹರವಿದರೆ ನೆಲದ ತೇವವನ್ನೆಲ್ಲ ಅದು ಹೀರುವುದು. ಅಂಗಳವು ಒಣಗಿ, ಕೆಸರಾದ ಕಡೆಗೆ ಮತ್ತೆ ಸೆಗಣಿ ಸಾರಿಸಿದ ಮೇಲೆಯೇ ಹರವಬೇಕು. ಪ್ರತಿಯೊಂದು ರಾಶಿಯಿಂದಲೂ ನಾಲ್ಕೈದು ಅಡಿಕೆಗಳನ್ನು ಸುಲಿದು, ಎರಡು ಹೋಳುಮಾಡಿ ಒಳಗನ್ನು ನೋಡಬೇಕು. ನೆನೆದದ್ದನ್ನು ನೆನೆಯದುದರೊಡನೆ ಬೆರೆಸದೆ ಬೇರೆಯಾಗಿಯೇ ಒಣಗಿಸಿ, ಬೇರೆ ಗೋಣಿಗೆ ತುಂಬಿ, ಬಾಯಿಗೆ ಕೆಂಪು ನೂಲಿನ ಗುರುತು ಕಟ್ಟಿಡಬೇಕು. ಮೇ ತಿಂಗಳಲ್ಲಿ ಸುಲಿಯಲು ಕುಳಿತಾಗ ಯಾವುದು ಯಾವುದೆಂಬುದು ಯಾರ ನೆನಪಿನಲ್ಲಿಯೂ ಇರುವುದಿಲ್ಲ.